ಇನ್ನೊಬ್ಬರ ಪ್ರೇಮಪದ್ಯ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಪುರಾವೆ ಕೇಳುವುದು ವಿಶ್ವವಿದ್ಯಾಲಯ ಅಂಟಿಸಿದ ಚಾಳಿ. ಒಂದು ವಿಷಯದಲ್ಲಿ ಮಾತ್ರ ನಲವತ್ತು ವರ್ಷ ಕೇಳಿರಲಿಲ್ಲ. ಸಿಯಾಟಲ್‌ನಲ್ಲಿ ಓದುತ್ತಿದ್ದಾಗ ಮೈಸೂರಿನ ಸುಮತಿಗೆ ಒಂದು ಪದ್ಯ ಕಳಿಸಿದ್ದೆ, ನಾನೇ ಬರೆದದ್ದೆಂದು ನೆನಪು. ‘ಇಲ್ಲಿ ಬರೀ ಮೋಡ, ನನ್ನ ಪಾಲಿನ ಬಿಸಿಲನ್ನೂ ನೀನೇ ಕಾಯಿಸಿಕೋ’ ಎಂದು ಶುರುವಾಗುತ್ತಿತ್ತು. ಅವಳು ಒಪ್ಪಿ ಹೆಂಡತಿಯಾಗಿ ಬಂದಳು. ಮೊನ್ನೆ ಶನಿವಾರ ಸಿಯಾಟಲ್ ಹತ್ತಿರದ ಸಮಾಮಿಶ್‌ನಲ್ಲಿ, ಮಗಳ ಮನೆಯಲ್ಲಿ ನಮ್ಮ ಮದುವೆಯ ನಲವತ್ತನೇ ವರ್ಷದ ಊಟ. ಆ ಪದ್ಯವನ್ನು ಎಲ್ಲರೆದುರು ಓದಿಯೇ ಸಿದ್ಧ ಎಂದು ಸುಮತಿ ಪಟ್ಟು ಹಿಡಿದಿದ್ದಳು.

ಅದೇ ವಾರ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದು ಒಬ್ಬ ಆಫ್ರಿಕನ್-ಅಮೆರಿಕನ್ ಕವಿಯ ಜೀವನಚರಿತ್ರೆ. ಹುಟ್ಟು ಗುಲಾಮ. ಬರೆಯಲು ಬಾರದ ಕಾಲದಲ್ಲೇ ದುಡಿಯುತ್ತಾ ದುಡಿಯುತ್ತಾ ತಲೆಯೊಳಗೆ ಪದ್ಯ ಕಟ್ಟಿದವನು. ರಜೆಯ ದಿನ ಮೈಲಿಗಟ್ಟಲೆ ನಡೆದು ಕಾಲೇಜಿನ ಊರಿಗೆ ಹೋಗುತ್ತಿದ್ದ. ಅಲ್ಲಿನ ಹುಡುಗರು ತಮ್ಮ ನಲ್ಲೆಯರ ಹೆಸರು ಹೇಳುವರು. ಇವನು ಪದ್ಯ ಹೇಳುವನು. ಅವರು ಬರೆದುಕೊಂಡು ಚಿಲ್ಲರೆ ಕಾಸು ಕೊಡುವರು. ಆ ಕಾಸಿನಿಂದ ತನ್ನನ್ನು ತಾನೇ ಕೊಂಡುಕೊಳ್ಳಬೇಕೆಂಬುದು ಅವನ ಆಸೆ. ಪುಸ್ತಕ ಅಚ್ಚಾಯಿತು, ಹೆಸರು ಬಂತು. ಬಿಡುಗಡೆ ಮಾತ್ರ ಅಂತರ್ಯುದ್ಧ ಮುಗಿದು, ಅವನು ಮುದುಕನಾದ ಮೇಲೆ. ಆ ನಲ್ಲೆಯರು ಪದ್ಯವನ್ನು ಎದೆಗೊತ್ತಿಕೊಂಡು ಯಾರ್‍ಯಾರ ಕನಸು ಕಂಡರೋ. ಯಾವ ಕನಸಿನಲ್ಲೂ ಇವನಿರಲಿಲ್ಲ.

ಕಿಟಕಿಯಾಚೆ ಮಂಜಿನಲ್ಲಿ ಫರ್ ಮರಗಳು ಅರ್ಧ ಅಳಿಸಿದ ಬರಹದಂತೆ ನಿಂತಿದ್ದವು. ಓದುತ್ತಾ ಮನಸ್ಸಿನಲ್ಲಿ ಕವಿಯ ಪಕ್ಕ ನಿಲ್ಲಬೇಕಾದ ನಾನು, ನಾಚಿಕೆಯ ಮಾತು, ಬರೆದುಕೊಳ್ಳುವ ಹುಡುಗರ ಸಾಲಿನಲ್ಲಿ ನಿಂತಿದ್ದೆ. ಓದುವ ಕಾಲದ ಹಳೆಯ ಬಾಡಿಗೆ ಕೋಣೆ ಕಣ್ಣಮುಂದೆ ಬಂತು. ರೂಮ್‌ಮೇಟ್ ಗುರುಪಾದ, ಧಾರವಾಡದವನು, ಅನ್ನ ಕಲಸುತ್ತಾ ಏನೋ ಹೇಳುತ್ತಿದ್ದಾನೆ, ನಾನು ಬರೆದುಕೊಳ್ಳುತ್ತಿದ್ದೇನೆ. ಪದ್ಯವನ್ನೋ, ತರಬೇಕಾದ ಸಾಮಾನಿನ ಪಟ್ಟಿಯನ್ನೋ?

ಈಗ ಮರ್ಸರ್ ಐಲ್ಯಾಂಡ್‌ನಲ್ಲಿರುವ ಅವನಿಗೇ ಫೋನ್ ಮಾಡಿ, ಆ ಪದ್ಯ ಯಾರದೆಂದು ಕೇಳಿದೆ.

“ಲೇ, ನಲವತ್ತ ವರ್ಷದ ಹಿಂದಿಂದು ಯಾರಿಗೆ ನೆನಪಿರ್ತೈತಿ? ಛಲೋ ಇದ್ರ ನಂದು, ಕೆಟ್ಟಿದ್ರ ನಿಂದು ಅನ್ಕೋ,” ಎಂದು ನಕ್ಕ. ನಗು ತುಸು ಬೇಗ ಮುಗಿಯಿತು ಅನ್ನಿಸಿತು.

ಸುಮತಿಗೆ ಎಲ್ಲ ಹೇಳಿದೆ.

“ಅಂದ್ರೆ ಇಷ್ಟು ವರ್ಷ ನಾನು ಯಾರನ್ನ ಹೊಗಳ್ತಿದ್ದೆ ರೀ?”

“ಗೊತ್ತಿಲ್ಲ.”

ಅವಳು ನಗಲಿಲ್ಲ. ಕುಕ್ಕರ್‌ನ ಉರಿ ಆರಿಸಿ ಕೇಳಿದಳು: “ಯಾರ ಹೆಸರು ಹೇಳಿ ಓದ್ಲಿ? ಅದಾದ್ರೂ ಗೊತ್ತಾ?”

ಅನುಮಾನದ ಲಾಭವನ್ನು ಇಷ್ಟು ಕಾಲ ನಾನೊಬ್ಬನೇ ಉಂಡಿದ್ದೆ. “ಗುರುಪಾದಂದು,” ಎಂದೆ.

ಶನಿವಾರ ಅವಳು ಹಾಗೇ ಹೇಳಿ ಕಾಗದ ಬಿಡಿಸಿದಳು. “ಏ ವೈನಿ, ಸುಳ್ಳ ಅದು! ನಾ ಎಲ್ಲಿ ಪದ್ಯಾ ಬರೀಲಿ!” ಎಂದು ಗುರುಪಾದ ಕೈಯಾಡಿಸಿದ. ಎಲ್ಲರೂ ನಕ್ಕರು. ಆಮೇಲೆ ಅವನು ತಲೆ ತಗ್ಗಿಸಿ ಕೇಳತೊಡಗಿದ. ಕೊನೆಯ ಸಾಲು ಸುಮತಿಯ ಬಾಯಿಂದ ಬರುವ ಮೊದಲೇ ಅವನ ತುಟಿ ಆಡಿತು.

ಕಂಡದ್ದು ನನಗೊಬ್ಬನಿಗೆ. ಅಂಥ ಸಾಕ್ಷಿಯನ್ನು ಯಾರೂ ನಂಬಬೇಕಾಗಿಲ್ಲ. ನಾನು ನಂಬಿದೆ.