ಮಾವನ ಬೋರು
ನಮ್ಮ ಸೋದರಮಾವನ ಬಾಯಲ್ಲಿ 'ಬೋರು' ಅನ್ನೋ ಒಂದೇ ಮಾತು ಇಡೀ ನಿಘಂಟಿನ ಕೆಲಸ ಮಾಡುತ್ತದೆ. ಅವನ ಕಸುಬು ಗಡಿಯಾರ ರಿಪೇರಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವನು ತಲೆ ಎತ್ತದೆ 'ಯಾಕೋ ಬೋರು ಕಣೋ' ಅಂದರೆ ಟೀ ತರಿಸು ಅಂತ ಅರ್ಥ. ನಿನ್ನೆ ಕೊಟ್ಟ ಗಡಿಯಾರವನ್ನು ಗಿರಾಕಿ ಇವತ್ತೇ ಕೇಳಿದರೆ ಬೋರು, ಗಿರಾಕಿಯೇ ಬಾರದಿದ್ದರೆ ಮಹಾ ಬೋರು. ಸಿನಿಮಾ ನೋಡಿ ಗಳಗಳನೆ ಅತ್ತು, ಒದ್ದೆ ಕರವಸ್ತ್ರ ಜೇಬಿಗೆ ತುರುಕುತ್ತಾ ಹೊರಬಂದು 'ಥೂ, ಬರೀ ಬೋರು' ಅಂತಾನೆ. ಅತ್ತೆ ಎರಡು ದಿನ ತಂಗಿ ಮನೆಗೆ ಹೋದರೆ ಫೋನು ಮಾಡಿ 'ಮನೇಲಿ ಬೋರು' ಅಂತಷ್ಟೇ ಹೇಳಿ ಇಟ್ಟುಬಿಡುತ್ತಾನೆ; ಪಾಪ, ಅವಳು ಮುಂದಿನ ಬಸ್ಸು ಹಿಡಿಯುತ್ತಾಳೆ. ಇಂಥ ಪುಣ್ಯಾತ್ಮ, ನಾನು ಆಪರೇಷನ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಂಗಡಿಗೆ ಬೀಗ ಜಡಿದು ಬಂದು ಬೆಳಗಿನಿಂದ ಸಂಜೆವರೆಗೆ ಒಂದು ಕುಂಟು ಸ್ಟೂಲಿನ ಮೇಲೆ ಕೂತ. ಕೈಗಡಿಯಾರ ಬಿಚ್ಚಿ ಅಂಗೈಲಿಟ್ಟುಕೊಂಡು ಡ್ರಿಪ್ಪಿನ ಹನಿ ಎಣಿಸುತ್ತಿದ್ದ. ನಿಮಿಷಕ್ಕೆ ಒಂದು ಹನಿ ಕಡಿಮೆಯಾದರೂ 'ಸಿಸ್ಟರ್, ಇದು ಸ್ಲೋ ಆಗಿದೆ, ನೋಡಮ್ಮ' ಅಂತ ಓಡುತ್ತಿದ್ದ. ಮನೆಗೆ ಹೊರಟ ದಿನ ಕೇಳಿದೆ: 'ಅಷ್ಟು ದಿನ ಸುಮ್ಮನೆ ಕೂತಿದ್ದೆಯಲ್ಲ ಮಾವ, ಬೋರಾಗಲಿಲ್ವಾ?' ಗಡಿಯಾರ ಕಟ್ಟಿಕೊಳ್ಳುತ್ತಿದ್ದವನು, ಆ ಮಾತನ್ನೇ ಮೊದಲ ಸಲ ಕೇಳಿದವನ ಹಾಗೆ ನನ್ನ ಮುಖ ನೋಡಿದ. 'ಸುಮ್ಮನೆ ಎಲ್ಲಿ ಕೂತಿದ್ನೋ? ನಿನ್ನ ನೋಡ್ತಾ ಇದ್ನಲ್ಲ' ಅಂದ.