ಸವೆದ ದವಡೆಯ ಚಿತ್ರ

ಹಸಿ ಮೂಳೆ ಕಡಿಯಲು ಹೋಗಿ ಹಲ್ಲಕ್ಕನ ದವಡೆ ಹಲ್ಲು ಮುರಿಯಿತು ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದಿಮಾನವರ ಪುಸ್ತಕ ಓದಿ ಓದಿ ತಲೆ ಕೆಟ್ಟಿದೆ, ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳೆ ಎಂದು ಇಸ್ತ್ರಿ ಅಂಗಡಿಯವನು ಅದಕ್ಕೊಂದು ಬಾಲವನ್ನೂ ಸೇರಿಸಿದ. ಇದರಲ್ಲೆಲ್ಲ ಹಲ್ಲು ಮುರಿದದ್ದೊಂದೇ ನಿಜ. ಬೆಂದದ್ದನ್ನು ಇನ್ನಷ್ಟು ಬೇಯಿಸಿ ತಿನ್ನುವ ಹೆಂಗಸು ಅವಳು. ಹಲ್ಲು ಮುರಿದದ್ದು ನಿದ್ದೆಯಲ್ಲಿ, ಬಾಯಲ್ಲಿ ಏನೂ ಇಲ್ಲದಾಗ.

ದಂತವೈದ್ಯರ ಕ್ಲಿನಿಕ್ಕಿನ ಹಿಂಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ; ಹಲ್ಲಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಅವಳ ಕೈಗೆ ಬರುತ್ತಿದ್ದದ್ದು ಹಲ್ಲಿಲ್ಲದ ಬಾಯಿಗಳ ಅಚ್ಚು. ಅದರ ಮೇಲೆ ಅವಳು ಹೊಸ ಹಲ್ಲು ಕೂರಿಸುತ್ತಿದ್ದಳು. ಬೆಂಕಿಯಿಲ್ಲದ ಕಾಲದ ಜನ ಏನನ್ನು ಹೇಗೆ ಅಗಿದಿರಬಹುದು ಎಂಬ ಯೋಚನೆ ಒಂದು ದಿನ ಹಲ್ಲು ಉಜ್ಜುತ್ತಿದ್ದಾಗಲೇ ತಲೆಹೊಕ್ಕು, ಅವಳನ್ನು ಗ್ರಂಥಾಲಯಕ್ಕೆ ಎಳೆದೊಯ್ದಿತ್ತು. ಅಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ಪೂರ್ವಜರಂತೆ ತಿಂದು ಬೊಜ್ಜು ಕರಗಿಸಿ ಎನ್ನುವ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿ, ಅವಳು ತನ್ನದೇ ಒಂದು ಜರಡಿ ಹಿಡಿದಳು. ‘ಇದು ನಮಗೆ ಗೊತ್ತಿಲ್ಲ’ ಎಂದು ಎಲ್ಲಿಯೂ ಒಪ್ಪಿಕೊಳ್ಳದ ಪುಸ್ತಕವನ್ನು ನಂಬಬಾರದು. ಗ್ರಂಥಪಾಲಕರಿಗೆ ಇದು ಹಿಡಿಸಿತು. ಅಲ್ಲಿಂದೀಚೆಗೆ ಆದಿಮಾನವರ ಪುಸ್ತಕಗಳ ಕಪಾಟಿಗೆ ಏನು ತರಿಸುವುದಿದ್ದರೂ ಅವಳನ್ನು ಕೇಳಿಯೇ ತರಿಸುತ್ತಿದ್ದರು. ಮನೆಯಲ್ಲಿ ಉಪ್ಪು ಸಾಕೇ ಎಂದು ಕೂಡ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಅವಳ ವಾರಗಿತ್ತಿ, ಎಂದರೆ ಮೈದುನನ ಹೆಂಡತಿ, ಜಿಮ್ಮಿನ ಸ್ವಾಗತದ ಮೇಜಿನಲ್ಲಿ ಕೂರುವವಳು. “ಅಕ್ಕಾ, ಆದಿಮಾನವರು ಏನು ತಿಂತಿದ್ರು ಅಂತ ಬಂದವರೆಲ್ಲಾ ಕೇಳ್ತಾರೆ. ಒಳ್ಳೇ ಪುಸ್ತಕ ಇದ್ರೆ ಹೇಳಿ” ಎಂದು ಬಂದಳು. ಹಲ್ಲಕ್ಕ ಹೇಳಿದಳು. ಹೇಳಿದ್ದೇ ತಪ್ಪಾಯಿತು. ಕೆಲವೇ ವಾರಗಳಲ್ಲಿ ಗ್ರಂಥಪಾಲಕರು ವಾರಗಿತ್ತಿಗೂ ಕುರ್ಚಿ ಎಳೆದುಕೊಡತೊಡಗಿದರು.

“ನಿಮ್ಮ ವಾರಗಿತ್ತಿ ಎಂಥಾ ಪ್ರಶ್ನೆ ಕೇಳ್ತಾರೆ ಮೇಡಂ.”

“ಹೌದಾ, ಸಂತೋಷ” ಎಂದಳು ಹಲ್ಲಕ್ಕ. ವಾರಗಿತ್ತಿಯ ನಗು, ಓದಿದ್ದು ಯಾವ ಪುಟದಲ್ಲಿತ್ತೆಂದು ಅವಳಿಗಿರುವ ನೆನಪು, ಮಡಿಕೆ ಮುರಿಯದ ಅವಳ ಸೆರಗು ಕೂಡ ಮೈಯಲ್ಲಿ ಮುಳ್ಳಾಡಿಸುತ್ತಿದ್ದವು.

ಒಂದು ಸಂಜೆ ಗ್ರಂಥಪಾಲಕರು ದಪ್ಪ ಪುಸ್ತಕವೊಂದನ್ನು ಮುಂದಿಟ್ಟರು. “ಇವರು ಹುಡುಕಿದ್ದು. ಪುಸ್ತಕದಂಗಡಿಯವರು ನೋಡೋಕೆ ಕೊಟ್ಟಿದ್ದಾರೆ. ತರಿಸೋಣವಾ?” ಪಕ್ಕದಲ್ಲಿ ವಾರಗಿತ್ತಿ ನಿಂತಿದ್ದಳು. ಹೊದಿಕೆಯ ಮೇಲೆ ದವಡೆಯ ಚಿತ್ರವಿತ್ತು. ಹಲ್ಲುಗಳೆಲ್ಲ ಬೀಸುಗಲ್ಲಿನಂತೆ ಚಪ್ಪಟೆ.

ಹಲ್ಲಕ್ಕ ಪುಟ ತಿರುವಲಿಲ್ಲ. “ಚಿತ್ರಾನೇ ತಪ್ಪು. ಯಾವ ಬಾಯಲ್ಲೂ ಹಲ್ಲು ಹೀಗೆ ಸವೆಯಲ್ಲ. ಹೊದಿಕೆನೇ ಹೀಗಿದ್ರೆ ಒಳಗಿನ ಕತೆ ಕೇಳೋದೇ ಬೇಡ.”

“ಒಳಗಡೆ ಅದಕ್ಕೇ ಒಂದು ಅಧ್ಯಾಯ ಇದೆ ಅಕ್ಕಾ. ಕಾಳು ಅರೆಯೋವಾಗ ಕಲ್ಲಿನ ಪುಡಿ ಸೇರಿ…”

“ಹಲ್ಲಿನ ವಿಷಯ ನನಗೆ ಬಿಡಮ್ಮಾ.”

ಪುಸ್ತಕ ವಾಪಸು ಹೋಯಿತು. ಹಲ್ಲಕ್ಕ ಗೆದ್ದಳು; ನಿದ್ದೆ ಮಾತ್ರ ಆ ಗೆಲುವನ್ನು ಒಪ್ಪಲಿಲ್ಲ.

“ರಾತ್ರಿಯೆಲ್ಲಾ ಅದೇನೇ ಕಟಕಟ ಅಂತ?” ಎಂದು ಗಂಡ ಕೇಳಿದ.

“ಇಲಿ ಇರಬೇಕು” ಎಂದಳು.

ಒಂದು ಬೆಳಗ್ಗೆ ದವಡೆ ಹಲ್ಲು ಎರಡು ಹೋಳಾಗಿತ್ತು. ಡಾಕ್ಟರು ಮೆತ್ತನೆಯ ಪೇಸ್ಟು ಕಚ್ಚಿಸಿ ಅಳತೆ ತೆಗೆದರು. ಅದಕ್ಕೆ ಪ್ಲಾಸ್ಟರು ಸುರಿದು ಅಚ್ಚು ಬಿಡಿಸಿದವಳು ಅವಳೇ. ತನ್ನ ಬಾಯನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದು ನೋಡಿದಳು. ಹಲ್ಲುಗಳೆಲ್ಲ ಚಪ್ಪಟೆ.

“ಏನಮ್ಮಾ, ಕಲ್ಲೂ ಮೂಳೆನೂ ತಿಂತೀಯಾ?” ಎಂದರು ಡಾಕ್ಟರು. ಹೊರಗೆ ಕಾಯುತ್ತಿದ್ದವರ ಕಿವಿಗೆ ಬಿದ್ದದ್ದು ಇಷ್ಟೇ. ಊರ ಸುದ್ದಿಗೆ ಅಷ್ಟು ಸಾಕಾಯಿತು. ಆಮೇಲೆ ಅವರು ದನಿ ತಗ್ಗಿಸಿದರು. “ನಿದ್ದೆಯಲ್ಲಿ ಹಲ್ಲು ಕಡಿತೀಯ. ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಳ ಸವೆತ. ಯಾರ ಮೇಲಮ್ಮಾ ಇಷ್ಟು ಸಿಟ್ಟು?”

ವಾರಗಿತ್ತಿಯ ಹೆಸರು ನಾಲಿಗೆ ತುದಿಗೆ ಬಂತು. ಆದರೆ ಅವಳು ಗ್ರಂಥಾಲಯಕ್ಕೆ ಕಾಲಿಟ್ಟು ವರ್ಷವೂ ಆಗಿರಲಿಲ್ಲ. ಅದಕ್ಕೆ ಮುಂಚೆ ಯಾರಿದ್ದರೆಂದು ಹಲ್ಲಕ್ಕ ನೆನೆಯತೊಡಗಿದಳು: ಓದಿನಲ್ಲಿ ಮುಂದಿದ್ದ ತಂಗಿ, ಹೊಗಳಿಸಿಕೊಳ್ಳುತ್ತಿದ್ದ ನಾದಿನಿ, ಎದುರುಮನೆಯಾಕೆ. ಅಲ್ಲಿಗೆ ನಿಲ್ಲಿಸಿದಳು.

ಮರುದಿನ ಗ್ರಂಥಪಾಲಕರ ಮುಂದೆ ನಿಂತು ಹೇಳಿದಳು: “ಆ ಪುಸ್ತಕ ತರಿಸಿ. ಆವತ್ತು ನಾನು ಓದದೇ ಹೇಳಿದ್ದು. ಸವೆದ ಹಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ.”

“ಇದನ್ನ ನಿಮ್ಮ ವಾರಗಿತ್ತಿಗೂ ಹೇಳ್ತೀರಾ?”

“ನಿಮಗೆ ಹೇಳಿದ್ದು ಸಾಲದಾ?”

ಪುಸ್ತಕ ಬಂದಿದೆ. ಮೊದಲು ಒಯ್ದವಳು ವಾರಗಿತ್ತಿ. ಅವಳು ಹಿಂತಿರುಗಿಸಿದ ಮೇಲೆ ಹಲ್ಲಕ್ಕನ ಸರದಿ. ಗ್ರಂಥಪಾಲಕರು ಈಗ ಇಬ್ಬರನ್ನೂ ಕೇಳಿಯೇ ತರಿಸುತ್ತಾರೆ. ವಾರಗಿತ್ತಿಗೆ ಹೇಳಬೇಕಾದದ್ದನ್ನು ಹಲ್ಲಕ್ಕ ಇನ್ನೂ ಹೇಳಿಲ್ಲ. ಮಲಗುವಾಗ ಹಲ್ಲಿಗೆ ತಾನೇ ಮಾಡಿಕೊಂಡ ಕವಚ ಹಾಕಿಕೊಳ್ಳುತ್ತಾಳೆ. ಬೆಳಗ್ಗೆ ತೊಳೆಯುವಾಗ ಅದರ ಮೇಲೆ ಹೊಸ ಗೀರುಗಳಿರುತ್ತವೆ.