ಟವೆಲ್ ಇಲ್ಲದ ವ್ಯಾಪಾರ

ಕಳೆದ ರವಿವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ಸಿಂದಗಿಯ ದನದ ಸಂತೆ. ಹಾಜರಿದ್ದವರು: ಕಿವುಡರಿಗಾಗಿ ದುಡಿಯುವ ನಮ್ಮ ಪುಟ್ಟ ಸಂಸ್ಥೆಯ ಕಾರ್ಯದರ್ಶಿ ಸುಮಿತ್ರಾ, ಎಮ್ಮೆ ಕೊಳ್ಳಲು ಬಂದ ಶಾಂತವ್ವ, ಆಕೆಯ ಅಣ್ಣ ಮಹಾದೇವ ಮತ್ತು ನಾನು. (ಸರಿಯಾದ ಟೈಮಿಗೆ ಬಂದವನು ನಾನೊಬ್ಬನೇ. ಇರಲಿ.)

ಶಾಂತವ್ವ ಝಳಕಿ ಹತ್ತಿರದ ಹಳ್ಳಿಯವಳು. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಎಮ್ಮೆ ಕಟ್ಟಿ ಹಾಲು ಮಾರಬೇಕು, ಅದರ ವ್ಯಾಪಾರವನ್ನೂ ತಾನೇ ಮಾಡಬೇಕು ಎಂಬುದು ಆಕೆಯ ಹಟ. ಇಲ್ಲಿಯವರೆಗೆ ಆಕೆಯ ಸೀರೆಯ ಬಣ್ಣವನ್ನು ಕೂಡ ಅಣ್ಣನೇ ಅಂಗಡಿಯವನಿಗೆ ಹೇಳಿದ್ದು.

ನಮ್ಮದೂ ಒಂದು ಹಟವಿತ್ತು: ಊರಿನ ವ್ಯಾಪಾರಿಗಳಿಗೆ ನಾಲ್ಕು ಕೈಸನ್ನೆ ಕಲಿಸುವುದು. ಕಿವುಡರಿಗೆ ಕನಿಕರ ತೋರಿಸಿ ಎಂದು ಕರಪತ್ರ ಹಂಚಿದೆವು. ಬ್ಯಾನರ್ ಕಟ್ಟಿದೆವು. ವಾಟ್ಸಾಪ್ ಗ್ರೂಪ್ ತೆರೆದೆವು. ನಾಲ್ಕು ವಾರ ಹಾಲ್‌ನಲ್ಲಿ ಕ್ಲಾಸ್ ಇಟ್ಟೆವು. ಬಂದವರೆಷ್ಟು? ಚಹಾ ತಂದವನನ್ನು ಸೇರಿಸಿದರೆ ಮೂವರು. (ಸೇರಿಸಬಹುದೇ?) ಈ ಜನಕ್ಕೆ ಕಾಳಜಿಯೇ ಇಲ್ಲ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ.

ಸಂತೆಯಲ್ಲಿ ಶಾಂತವ್ವ ಒಂದು ಎಮ್ಮೆ ಆರಿಸಿದಳು. ಅದನ್ನು ಮಾರುತ್ತಿದ್ದ ದಲಾಲ ಗುರಪ್ಪನಿಗೆ ಆಕೆಯ ವಿಷಯ ತಿಳಿಸಿದೆ. ಬೆರಳಲ್ಲಿ ರೇಟ್ ತೋರಿಸುವುದು ಹೇಗೆಂದು ಪಾಠ ಶುರು ಮಾಡಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕೈಮಾತು ನಮಗ ಕಲಸ್ತೀರೇನ್ರಿ? ನಮ್ಮಜ್ಜನ ಕಾಲದಿಂದ ಟವೆಲ್ ಕೆಳಗ ಅದನ್ನ ಮಾಡಾಕತ್ತೇವಿ."

ಹೌದಲ್ಲ! ಕೈಗೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು, ತುಟಿ ಬಿಚ್ಚದೆ ಎತ್ತು ಮಾರುವ ಜನ. ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಇವರಿಗೆ ಕಲಿಸಲು ನಾವು ಹಾಲ್ ಬುಕ್ ಮಾಡಿದ್ದೆವು.

ಗುರಪ್ಪ ಟವೆಲ್ ಹೊದಿಸಿ ಶಾಂತವ್ವನತ್ತ ಕೈ ಚಾಚಿದ. ಥಟ್ಟನೆ ಹಿಂತೆಗೆದ. ಪರರ ಮನೆಯ ಹೆಣ್ಣುಮಗಳ ಕೈಯನ್ನು ಟವೆಲ್ ಕೆಳಗೆ ಹಿಡಿಯುವುದುಂಟೇ? ಒಂದು ಗಳಿಗೆ ಯೋಚಿಸಿ, ಟವೆಲನ್ನು ಹೆಗಲಿಗೆಸೆದು ಎಲ್ಲರೆದುರೇ ಬೆರಳೆತ್ತಿದ.

ಗುಟ್ಟಿನ ವ್ಯಾಪಾರ ಬಟಾಬಯಲು! ಉಳಿದ ದಲಾಲರು ಬೈದರು. ಬೈಯುತ್ತಲೇ ನೋಡಲು ಬಂದು ನಿಂತರು. ಹಿಂದೆಯೇ ಇಡೀ ಸಂತೆ.

ಬೆರಳಿಗೊಂದು ಸಾವಿರದ ಲೆಕ್ಕ. ಎರಡು ಬೆರಳು ಮಡಚು ಎಂದು ಶಾಂತವ್ವ ಸನ್ನೆ ಮಾಡಿದಳು. ಗುರಪ್ಪ ಒಂದನ್ನೇ ಮಡಚಿದ. ಆಕೆ ಎಮ್ಮೆಯ ಬಾಯಿ ಬಿಡಿಸಿ ಹಲ್ಲು ತೋರಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಮುದುಕಿಯಂತೆ ನಾಲ್ಕು ಹೆಜ್ಜೆ ಹಾಕಿದಳು. ನಕ್ಕೂ ನಕ್ಕೂ ನನ್ನ ಕನ್ನಡಕ ಜಾರಿತು.

ಮಹಾದೇವ ನಡುವೆ ನುಗ್ಗಿದ. ಆಕೆಗೆ ಇದೆಲ್ಲ ತಿಳಿಯದು, ರೇಟ್ ನನಗೆ ಹೇಳಿ ಎಂದ.

"ನೀ ಸುಮ್ನಿರೋ ತಮ್ಮಾ," ಅಂದ ಗುರಪ್ಪ. "ನಾವಿಬ್ರು ಮಾತಾಡಾಕತ್ತೇವಿ."

ಎರಡನೆಯ ಬೆರಳೂ ಮಡಚಿಕೊಂಡಿತು. ಎಮ್ಮೆ ಶಾಂತವ್ವನದಾಯಿತು.

ಆಮೇಲೆ ಆಕೆಯ ಸುತ್ತ ಒಂದೇ ಗದ್ದಲ. ನೀರಿಗೆ ಸನ್ನೆ ಹೇಗೆ, ಬಸ್ಸಿಗೆ ಹೇಗೆ, ಹೆಂಡತಿ ಸಿಟ್ಟಾದರೆ ಹೇಗೆ? ಎಲ್ಲಕ್ಕೂ ಕೈಯಲ್ಲೇ ಉತ್ತರ. ಇನ್ನು ಮುಂದೆ ಕ್ಲಾಸ್ ಸಂತೆಯಲ್ಲೇ, ಶಾಂತವ್ವ ಮತ್ತು ಗುರಪ್ಪನೇ ಮಾಸ್ತರರು ಎಂದು ಸುಮಿತ್ರಾ ಅಲ್ಲೇ ಸಾರಿದಳು. ಕನಿಕರ ತೋರಿಸಿ ಎಂದು ಕರೆದಾಗ ಬಾರದ ಜನ, ತಮಗೆ ಅರ್ಧ ಗೊತ್ತಿರುವ ವಿದ್ಯೆ ಎಂದಾಗ ಮುಗಿಬಿದ್ದರು. ನಾವು ಕೇಳಿದ ರೀತಿಯೇ ತಪ್ಪಿತ್ತು.

ಸಂಜೆ ಐದೂಮುಕ್ಕಾಲಿಗೆ ದಿನದ ಕೊನೆಯ ಕೆಲಸ ಮುಗಿಸಿದೆ: ಕಲಿಯುವವರ ಪಟ್ಟಿ. ಮೂವತ್ತೆಂಟು ಹೆಸರು. ಕೊನೆಯದು ಮಹಾದೇವನದು. ತಂಗಿಯ ಸನ್ನೆ ತನಗೆ ಅಷ್ಟಾಗಿ ತಿಳಿಯುವುದಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ.

ಹಾಗಾದರೆ ಇಷ್ಟು ವರ್ಷ ಆಕೆಯ ಪರವಾಗಿ ಅವನು ಆಡಿದ್ದು ಯಾರ ಮಾತು?